ಎರಡು ಬಡಿತಕ್ಕೆ ಹೊರಡು, ಒಂದಕ್ಕೆ ತಡೆ

ಹೇಳಿಕೆ ನೀಡುವವರು: ಆರ್ಡಿಸ್ ಕೋಂ ಡೆಲ್ಬರ್ಟ್ ಹಾಲ್ವರ್ಸನ್, ವಯಸ್ಸು 69 ವರ್ಷ, ಕಸುಬು: ಶಾಲಾ ಬಸ್ಸಿನ ಚಾಲಕಿಯಾಗಿ 27 ವರ್ಷ ದುಡಿದು ನಿವೃತ್ತಿ. ಖಾಯಂ ವಿಳಾಸ: ಮಗಳು ಜೊಲೀನ್ ಮನೆಯ ಮಹಡಿ, ಹಾರ್ಮನ್ಸ್‌ಬರ್ಗ್, ನಾರ್ತ್ ಡಕೋಟಾ ರಾಜ್ಯ. ಹಾಲಿ ವಾಸ: 31 ಅಡಿ ಉದ್ದದ ಮನೆಗಾಡಿ, ಅದು ಎಲ್ಲಿ ನಿಂತಿರುತ್ತದೋ ಅಲ್ಲಿ.

ಈ ದಿನ ದಿನಾಂಕ 24-12-2025ನೇ ಬುಧವಾರ ಮಧ್ಯಾಹ್ನ 2 ಗಂಟೆ 15 ನಿಮಿಷಕ್ಕೆ, ಅರಿಜೋನಾ ರಾಜ್ಯದ ಡ್ರೈ ವೆಲ್ಸ್ ಶೆರಿಫ್ ಉಪಠಾಣೆಯಲ್ಲಿ, ಡೆಪ್ಯುಟಿ ಕಾರ್ಲೀನ್ ಟ್ರಿಂಬಲ್ ರವರು ಕೇಳಿದ ಮೇರೆಗೆ ಈ ಮೂಲಕ ತಿಳಿಸುವುದೇನೆಂದರೆ, ನನ್ನನ್ನು ಯಾರೂ ಅಪಹರಿಸಿರುವುದಿಲ್ಲ. ಈ ಠಾಣೆಯ ಹಿಂದಿನ ಕೋಣೆಯಲ್ಲಿ ಕೂರಿಸಿರುವ ಶ್ರೀ ಎಲುತೇರಿಯೋ ಬ್ರಾಕಮೊಂಟೆ, ವಯಸ್ಸು 54, ಕಕ್ಕಸು ತೊಟ್ಟಿ ಬಳಿಯುವ ಟ್ಯಾಂಕರಿನ ಮಾಲೀಕರು ಹಾಗೂ ಚಾಲಕರು, ನನಗೆ ಉಪಕಾರ ಮಾಡಿದವರೇ ಹೊರತು ಅಪರಾಧ ಮಾಡಿದವರಲ್ಲ. ಅವರನ್ನು ಇಂದು 3 ಗಂಟೆ 45 ನಿಮಿಷದೊಳಗೆ ಬಿಡಬೇಕು. ಅಷ್ಟರೊಳಗೇ ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಎಲ್ಲವನ್ನೂ ನಡೆದ ಕ್ರಮದಲ್ಲೇ ಹೇಳಬೇಕೆಂದು ಡೆಪ್ಯುಟಿಯವರು ತಾಕೀತು ಮಾಡಿರುವುದರಿಂದ ಹಾಗೆಯೇ ಹೇಳುತ್ತಿದ್ದೇನೆ.

ನಾನು ಮತ್ತು ನನ್ನ ಗಂಡ ಡೆಲ್ಬರ್ಟ್, ವಯಸ್ಸು 73, ಹಾಲು ಕರೆಯುವ ಯಂತ್ರಗಳ ರಿಪೇರಿ ಮಾಡಿ ನಿವೃತ್ತ, ಹನ್ನೊಂದು ವರ್ಷದಿಂದ ಪ್ರತಿ ಚಳಿಗಾಲ ನಮ್ಮೂರಿನ ಹಿಮ ಬಿಟ್ಟು ಈ ಮರುಭೂಮಿಗೆ ಬರುತ್ತೇವೆ. ಕ್ವಾರ್ಟ್ಜ್‌ಸೈಟ್ ಬಯಲಿನಲ್ಲಿ ನಮ್ಮಂಥ ನಲವತ್ತು ಗಾಡಿಯವರು ಸುತ್ತು ಕಟ್ಟಿ ನಿಂತು ಕ್ರಿಸ್‌ಮಸ್ ಊಟ ಮಾಡುತ್ತಾರೆ. ಪ್ರತಿ ವರ್ಷ ಆಲೂಗಡ್ಡೆ ರೊಟ್ಟಿ ನನ್ನ ಪಾಲಿನದು. ಗಾಡಿ ಓಡಿಸುವುದು ಡೆಲ್ಬರ್ಟ್. ಹೊರಡುವ ಮುಂಚೆ ಪಟ್ಟಿ ಓದುವುದು ನಾನು: ಮೆಟ್ಟಿಲು ಮಡಚಿದೆಯೇ, ಒಲೆಯ ಗ್ಯಾಸ್ ಮುಚ್ಚಿದೆಯೇ, ಕಪಾಟಿಗೆ ಚಿಲಕ ಬಿದ್ದಿದೆಯೇ, ಹೀಗೆ ಹತ್ತೊಂಬತ್ತು ಬಾಬತ್ತು. ಪಟ್ಟಿಯಲ್ಲಿ ಬರೆಯದ ಒಂದು ಬಾಬತ್ತೂ ಇದೆ. ಚಾಲಕನ ಸೀಟಿನ ಹಿಂದಿರುವ ಹಲಗೆಯನ್ನು ಅವನು ಎರಡು ಸಲ ಬಡಿಯುತ್ತಾನೆ, ಹೊರಡಲೇ ಎಂದು. ಒಳಗಿನಿಂದ ನಾನು ಎರಡು ಸಲ ಬಡಿದರೆ ಹೊರಡು ಎಂದರ್ಥ. ಒಂದೇ ಸಲ ಬಡಿದರೆ ತಡೆ ಎಂದರ್ಥ. ಮೊದಲನೇ ಚಳಿಗಾಲ ಕಪಾಟು ತೆರೆದಿದ್ದಾಗಲೇ ಅವನು ಗಾಡಿ ಬಿಟ್ಟು, ನನ್ನ ಅತ್ತೆ ಕೊಟ್ಟ ಹನ್ನೆರಡು ತಟ್ಟೆ ಪುಡಿಯಾದ ಮೇಲೆ ಈ ಪದ್ಧತಿ ಬಂತು. ಅದರಿಂದೀಚೆಗೆ ಒಂದು ದಿನವೂ ತಪ್ಪಿರಲಿಲ್ಲ.

ನಿನ್ನೆ ದಿನಾಂಕ 23ರಂದು ಮಧ್ಯಾಹ್ನ 2 ಗಂಟೆ 10 ನಿಮಿಷಕ್ಕೆ ನಾವು ತಂಗಿದ್ದ ಜಾಗದಲ್ಲಿ, ಕಕ್ಕಸು ತೊಟ್ಟಿ ಖಾಲಿ ಮಾಡಲು ಗಾಡಿಯನ್ನು ತೂಬಿನ ಹತ್ತಿರ ತರುವಾಗ, ಡೆಲ್ಬರ್ಟ್ ಎಡಗಡೆಯ ಹಳದಿ ಕಂಬಕ್ಕೆ ಗಾಡಿ ಉಜ್ಜಿದನು. ಕಂಬ ನಾಲ್ಕು ಅಡಿ ಎತ್ತರ, ಹಾಡಹಗಲು. ಗೀರು ಏಳು ಅಡಿ ಉದ್ದ ಬಿದ್ದಿದೆ, ತಾವು ಹೊರಗೆ ಹೋಗಿ ನೋಡಬಹುದು. ಬಿಸಿಲು ಕಣ್ಣಿಗೆ ಹೊಡೆಯಿತು ಎಂದು ಅವನು ಹೇಳಿದನು. ಬಿಸಿಲು ಬಲಗಡೆಗಿತ್ತು. ನಾನು, "ಅವು ಕಣ್ಣೋ ಗೋಲಿಯೋ? ಐವತ್ನಾಲ್ಕು ಮಕ್ಕಳ ಬಸ್ಸನ್ನ ಇಪ್ಪತ್ತೇಳು ವರ್ಷ ಒಂದು ಗೀರಿಲ್ದೆ ಓಡಿಸಿದೀನಿ, ಕೀಲಿ ಕೊಡಿಲ್ಲಿ" ಎಂದೆನು. ಅವನು, "ನಿಂದು ಬಸ್ಸು ಕಣೇ, ಇದು ಮನೆ" ಎಂದನು. ಅಕ್ಕಪಕ್ಕದ ಗಾಡಿಯವರು ಕುರ್ಚಿ ತಿರುಗಿಸಿಕೊಂಡು ನೋಡುತ್ತಿದ್ದರು. ನಾನು ಮತ್ತೊಮ್ಮೆ ಕಣ್ಣಿನ ಮಾತನ್ನೇ ಎತ್ತಿದೆನು. ಸಾಮಾನ್ಯವಾಗಿ ಅವನು ಒಂದಕ್ಕೆರಡು ಮಾತಾಡುವವನು. ನಿನ್ನೆ ಸುಮ್ಮನಾಗಿಬಿಟ್ಟನು. ಅದನ್ನು ಆಗಲೇ ನಾನು ಗಮನಿಸಬೇಕಿತ್ತು.

2 ಗಂಟೆ 20 ನಿಮಿಷದಿಂದ ನಾನು ಹಾಸಿಗೆಯ ಕಡೆಯ ಪರದೆ ಎಳೆದುಕೊಂಡೆನು. 31 ಅಡಿಯ ಮನೆಯಲ್ಲಿ ತವರಿಗೆ ಹೋಗುವುದೆಂದರೆ ಇಷ್ಟೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಾವು ಬೇರೆ ಬೇರೆ ಉಂಡೆವು, ಅವನು ಮುಂದಿನ ಬೆಂಚಿನ ಮೇಲೆ ಮಲಗಿದನು, ಜಗಳ ಮುಗಿಯಲಿಲ್ಲ. ಈ ರಾದ್ಧಾಂತದಲ್ಲಿ ತೊಟ್ಟಿ ಖಾಲಿ ಮಾಡುವುದೇ ಮರೆತುಹೋಯಿತು. ಈ ಅಂಶ ಮುಂದಿನ ಎಲ್ಲಕ್ಕೂ ಕಾರಣವಾದ್ದರಿಂದ ದಯವಿಟ್ಟು ಅಡಿಗೆರೆ ಎಳೆಯಬೇಕು.

ಇಂದು ಬೆಳಿಗ್ಗೆ 7 ಗಂಟೆಗೆ ಡೆಲ್ಬರ್ಟ್ ಪಟ್ಟಿಯನ್ನು ತಾನೇ ಜೋರಾಗಿ ಓದಿಕೊಂಡು, ತಾನೇ "ಆಯ್ತು, ಆಯ್ತು" ಎಂದು ಉತ್ತರ ಹೇಳಿಕೊಂಡನು. ಹಲಗೆಯನ್ನು ಎರಡು ಸಲ ಬಡಿದನು. ನಾನು ಎಚ್ಚರವಾಗಿದ್ದೆನು. ಬಡಿಯಲಿಲ್ಲ. ಅವನು ಒಂದು ನಿಮಿಷ ಕಾದು 7 ಗಂಟೆ 5 ನಿಮಿಷಕ್ಕೆ ಗಾಡಿ ಬಿಟ್ಟನು. ಹನ್ನೊಂದು ವರ್ಷದ ಪದ್ಧತಿ ಮುರಿದವಳು ನಾನು, ಅವನಲ್ಲ.

8 ಗಂಟೆ 40 ನಿಮಿಷಕ್ಕೆ ಪಾಲೋ ಸೆಕೋ ಎಂಬಲ್ಲಿ ಪೆಟ್ರೋಲಿಗೆ ನಿಂತೆವು. ಅದು ಕಾರ್ಡು ಉಜ್ಜಿ ತಾನೇ ತುಂಬಿಸಿಕೊಳ್ಳುವ ಬಂಕು. ಪಕ್ಕದ ಅಂಗಡಿ ಹಬ್ಬದ ಪ್ರಯುಕ್ತ ಮುಚ್ಚಿತ್ತು. ನನಗೆ ಶೌಚಕ್ಕೆ ಹೋಗಬೇಕಾಗಿತ್ತು. ಒಳಗೆ ತೊಟ್ಟಿ ತುಂಬಿ ಕೆಂಪು ದೀಪ ಉರಿಯುತ್ತಿತ್ತು. ಆದ್ದರಿಂದ 8 ಗಂಟೆ 44 ನಿಮಿಷಕ್ಕೆ ನಾನು ಬಲಗಡೆಯ ಬಾಗಿಲಿನಿಂದ ಇಳಿದು, ಗಾಡಿಯ ಹಿಂದುಗಡೆಯಿಂದ ಸುತ್ತಿಕೊಂಡು, ಎಡಕ್ಕೆ 40 ಅಡಿ ದೂರದ ಶೌಚಾಲಯಕ್ಕೆ ಹೋದೆನು. ಮೈಮೇಲೆ ರಾತ್ರಿ ಉಡುಪು, ಡೆಲ್ಬರ್ಟನ ಉಣ್ಣೆ ಕಾಲುಚೀಲ, ಚಪ್ಪಲಿ. ಮೊಬೈಲು ಚಾರ್ಜಿಗೆ ಹಾಕಿತ್ತು, ಕನ್ನಡಕ ಕಿಟಕಿಯ ಮೇಲಿತ್ತು. ತಿರುವಿನಲ್ಲಿ ಉರುಳಬಾರದೆಂದು ದಿಂಬುಗಳನ್ನು ಉದ್ದಕ್ಕೆ ಇಟ್ಟು ರಜಾಯಿ ಹೊದಿಸಿ ಇಳಿಯುವುದು ನನ್ನ ಅಭ್ಯಾಸ. ಹಾಗೆಯೇ ಮಾಡಿದ್ದೆನು. ಹೇಳಿ ಇಳಿಯಲಿಲ್ಲವೇಕೆ ಎಂದು ಡೆಪ್ಯುಟಿಯವರು ಕೇಳಿದರು. ಮಾತು ಬಿಟ್ಟಿದ್ದೆನು, ಬಿಟ್ಟ ಮೇಲೆ ಬಿಟ್ಟಂತೆಯೇ.

8 ಗಂಟೆ 51 ನಿಮಿಷಕ್ಕೆ ಹೊರಬಂದಾಗ ಗಾಡಿಯ ಇಂಜಿನ್ ಓಡುತ್ತಿತ್ತು. ಡೆಲ್ಬರ್ಟ್ ಎಡಗಡೆಯ ಕನ್ನಡಿಯಲ್ಲಿ ನೋಡುತ್ತಿದ್ದನು. ಅವನ ಮುಖ ಆ ಕನ್ನಡಿಯಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ಕನ್ನಡಕವಿಲ್ಲದಿದ್ದರೂ ದೂರದ್ದು ನನಗೆ ಚೆನ್ನಾಗಿ ಕಾಣುತ್ತದೆ. ನಾನು ಬಲಗೈ ಎತ್ತಿದೆನು. ಅವನು ನೇರ ನನ್ನನ್ನೇ ನೋಡಿದನು. ಒಂದು ನಿಮಿಷ ನೋಡಿ, 8 ಗಂಟೆ 52ಕ್ಕೆ ಗಾಡಿ ಬಿಟ್ಟುಕೊಂಡು ಹೋದನು.

ನಾನು ಕೂಗಬಹುದಿತ್ತು. ಐವತ್ನಾಲ್ಕು ಮಕ್ಕಳನ್ನು ಒಂದೇ ಕೂಗಿಗೆ ತೆಪ್ಪಗೆ ಕೂರಿಸುತ್ತಿದ್ದ ಗಂಟಲು ಇದು. ಕೂಗಲಿಲ್ಲ. ನೋಡಿಯೂ ಬಿಟ್ಟು ಹೋದವನನ್ನು ಕೂಗಿ ಏನು ಪ್ರಯೋಜನ ಎನಿಸಿತು. ನಲವತ್ತನಾಲ್ಕು ವರ್ಷದ ಸಂಸಾರ ಕಣ್ಣೆದುರಿಗೆ ಗಂಟೆಗೆ ಹದಿನೈದು ಮೈಲಿ ವೇಗದಲ್ಲಿ ರಸ್ತೆಗಿಳಿಯಿತು. ನಾನು ಎಡಗಾಲಿನ ಚಪ್ಪಲಿ ತೆಗೆದು ಗಾಡಿಯ ಮೇಲೆ ಎಸೆದೆನು. ಅದು ಸುಮಾರು 15 ಅಡಿ ಹೋಗಿ ಬಿತ್ತು. ಮತ್ತೆ ಹೋಗಿ ಎತ್ತಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನನ್ನ ಕಾಲಿಗೆ ಆಮೇಲೆ ಚೆನ್ನಾಗಿ ಅರ್ಥವಾಯಿತು. ತಾವು ಸಾಕ್ಷ್ಯವೆಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿರುವ ಚಪ್ಪಲಿ ಅದೇ. ಅಲ್ಲಿ ಯಾವ ಎಳೆದಾಟವೂ ನಡೆದಿಲ್ಲ.

9 ಗಂಟೆ 3 ನಿಮಿಷದವರೆಗೆ ಒಂಟಿಕಾಲಿನಲ್ಲಿ ನಿಂತಿದ್ದೆನು. ಬಿಟ್ಟ ಉಸಿರು ಕಣ್ಣಿಗೆ ಕಾಣುವಷ್ಟು ಚಳಿ. ಆಗ ಬಂಕಿನ ಹಿಂದೆ ನಿಲ್ಲಿಸಿದ್ದ ಟ್ಯಾಂಕರಿನಿಂದ ಶ್ರೀ ಬ್ರಾಕಮೊಂಟೆ ಬಂದರು. ಅವರು ನನ್ನಿಂದ ಹತ್ತು ಅಡಿ ದೂರದಲ್ಲೇ ನಿಂತು ಟೋಪಿ ತೆಗೆದು, "ಸೆನ್ಯೋರಾ, ಗಾಡಿ ನಿಮ್ಮನ್ನ ಬಿಟ್ಟಿತೋ, ನೀವೇ ಗಾಡಿ ಬಿಟ್ರೋ?" ಎಂದು ಕೇಳಿದರು. ಸೆನ್ಯೋರಾ ಎಂದರೆ ಅವರ ಭಾಷೆಯಲ್ಲಿ ಅಮ್ಮಾ ಎಂದು. ಗಂಡ ಬಿಟ್ಟು ಹೋದನೆಂದೆನು. "ಮರೆತಾ, ಬೇಕಂತಲಾ?" ಎಂದರು. ಕನ್ನಡಿಯಲ್ಲಿ ನೋಡಿಯೇ ಹೋದನೆಂದೆನು. ಅವರು ತಮ್ಮ ಜರ್ಕಿನ್ ಬಿಚ್ಚಿ, ನನ್ನ ಕೈಗೆ ಕೊಡದೆ ಪಂಪಿನ ಮೇಲಿಟ್ಟು ಹಿಂದೆ ಸರಿದರು, ನಾನಾಗಿಯೇ ಎತ್ತಿಕೊಳ್ಳಲಿ ಎಂದು. ಈ ಹೇಳಿಕೆ ಕೊಡುವಾಗಲೂ ಅದು ನನ್ನ ಮೈಮೇಲಿದೆ.

ಅವರ ಫೋನಿಗೆ ಗುಡ್ಡ ದಾಟುವವರೆಗೆ ಸಿಗ್ನಲ್ ಇರಲಿಲ್ಲ. ಇದ್ದಿದ್ದರೂ ನನಗೆ ಡೆಲ್ಬರ್ಟನ ನಂಬರು ಬಾಯಿಗೆ ಬರುವುದಿಲ್ಲ. ಪಕ್ಕದಲ್ಲೇ ಇರುವವನಿಗೆ ಫೋನು ಮಾಡುವ ಪ್ರಸಂಗ ಬಂದದ್ದಿಲ್ಲ. ನೆನಪಿದ್ದ ಒಂದೇ ನಂಬರು ನಮ್ಮೂರಿನ ಬಸ್ ಶೆಡ್ಡಿನದು, ಅದಕ್ಕೆ ಜನವರಿ 5ರವರೆಗೆ ರಜೆ. ಶ್ರೀ ಬ್ರಾಕಮೊಂಟೆ, "ಬಿಟ್ಟು ಹೋದೋರು ಬಿಟ್ಟ ಜಾಗಕ್ಕೇ ಹುಡುಕ್ಕೊಂಡು ಬರ್ತಾರೆ, ಕಾಯೋಣ" ಎಂದರು. ನನ್ನನ್ನು ಹೀಟರ್ ಹಾಕಿ ಟ್ಯಾಂಕರಿನ ಮುಂದಿನ ಸೀಟಿನಲ್ಲಿ ಕೂರಿಸಿ, ತಾವು ಹೊರಗೆ ಬರೀ ಅಂಗಿಯಲ್ಲಿ 9 ಗಂಟೆ 55ರವರೆಗೆ ನಿಂತು ರಸ್ತೆ ನೋಡಿದರು. ಆ ಹೊತ್ತಿನಲ್ಲಿ ಅವರು ಹೋಗಬೇಕಾಗಿದ್ದ ಎರಡು ಕಡೆಯ ಕೆಲಸ ತಪ್ಪಿತು. ಯಾರೂ ಬರಲಿಲ್ಲ. ಆಮೇಲೆ ನಾನೇ ಕ್ವಾರ್ಟ್ಜ್‌ಸೈಟಿಗೆ, ಅಲ್ಲಿಂದ 93 ಮೈಲಿ, ಕರೆದುಕೊಂಡು ಹೋಗಲು ಕೇಳಿಕೊಂಡೆನು. ನನ್ನ ಸ್ವಂತ ಇಚ್ಛೆಯಿಂದ ಹತ್ತಿದೆನು. ಹತ್ತುವಾಗ ಅವರು ಕೈ ಕೊಟ್ಟರು, ಏಕೆಂದರೆ ಮೆಟ್ಟಿಲು ಎತ್ತರ.

ಹೊರಟ ಮೇಲೆ ಅವರು, ನಿಮ್ಮ ಗಾಡಿ ನನಗೆ ಗೊತ್ತು ಎಂದರು. "ಹಳದಿ ಕಿಟಕಿ ಪರದೆ ಗಾಡಿ ಅಲ್ವಾ? ನಾನು ಪೈಪ್ ಎಳ್ಕೊಂಡು ಬಂದ ಕೂಡ್ಲೇ ನೀವು ಪರದೆ ಮುಚ್ತೀರಿ" ಎಂದರು. ನಗುತ್ತಲೇ ಹೇಳಿದರು. ಹನ್ನೊಂದು ಚಳಿಗಾಲ ಬಯಲಿನಲ್ಲಿ ನಮ್ಮ ತೊಟ್ಟಿ ಬಳಿದವರು ಇವರೇ. ಆಲೂಗಡ್ಡೆ ರೊಟ್ಟಿಯನ್ನು ನಲವತ್ತು ಗಾಡಿಗೂ ಹಂಚಿದ್ದೇನೆ, ಇವರ ಹೆಸರನ್ನು ಒಂದು ದಿನ ಕೇಳಿದವಳಲ್ಲ. ನನಗೆ ನಾಚಿಕೆಯಾಯಿತು. ಹಾಗೆಂದು ಅವರಿಗೆ ಹೇಳಿದೆನು. ಅವರು, "ಇರ್ಲಿ ಬಿಡಿ ಸೆನ್ಯೋರಾ. ಜನ ಮೂಗು ಮುಚ್ಕೋತಾರೆ, ಆದ್ರೆ ತೊಟ್ಟಿ ತುಂಬಿದ ದಿನ ದೇವರಿಗಿಂತ ಮುಂಚೆ ನನ್ನನ್ನೇ ನೆನೀತಾರೆ" ಎಂದರು.

ಟ್ಯಾಂಕು ತುಂಬಿದ್ದರಿಂದ 45 ಮೈಲಿಗಿಂತ ಹೆಚ್ಚು ವೇಗ ಹೋಗುವುದಿಲ್ಲವೆಂದೂ, ಏರಿನಲ್ಲಿ ಮೂವತ್ತೇ ಎಂದೂ, ಗಕ್ಕನೆ ಬ್ರೇಕ್ ಹಾಕಿದರೆ ಒಳಗಿನ ದ್ರವವೆಲ್ಲ ಮುಂದಕ್ಕೆ ನುಗ್ಗಿ ಗಾಡಿಯೇ ಹತೋಟಿ ತಪ್ಪುವುದೆಂದೂ ಹೇಳಿದರು. ಈ ದಿನ ಸಂಜೆ 6 ಗಂಟೆಗೆ ತಾವು ಎಲ್ ಮೆಸ್ಕಿತಾಲ್ ಊರಿನ ತಮ್ಮ ಮನೆಯಲ್ಲಿ ಇರಲೇಬೇಕೆಂದೂ ಹೇಳಿದರು. ಊರಿನವರು ಯೇಸುವಿನ ತಂದೆತಾಯಿ ಮೇರಿ ಜೋಸೆಫರ ವೇಷ ಹಾಕಿದವರನ್ನು ಕರೆದುಕೊಂಡು ಮನೆಮನೆಗೆ ಬಂದು ಬಾಗಿಲು ಬಡಿದು ತಂಗಲು ಜಾಗ ಕೇಳುತ್ತಾರೆ. ಪ್ರತಿ ಮನೆಯವರೂ ಒಳಗಿನಿಂದ ಜಾಗವಿಲ್ಲ ಎಂದು ಹಾಡಿ ಕಳಿಸಬೇಕು. ಕೊನೆಯ ಮನೆಯವರು ಮಾತ್ರ ಬಾಗಿಲು ತೆರೆಯಬೇಕು. ಈ ವರ್ಷ ಕೊನೆಯ ಮನೆ ಇವರದು. "ಇಪ್ಪತ್ತು ವರ್ಷ ಜಾಗ ಇಲ್ಲ, ಜಾಗ ಇಲ್ಲ ಅಂತಾನೇ ಹಾಡಿದೀನಿ. ಈ ವರ್ಷ ಒಳಗೆ ಬನ್ನಿ ಅನ್ನೋ ಪದ ಕಲ್ತಿದೀನಿ. ನಮ್ಮ ಚೇಲಾ ಮೂರು ದಿನದಿಂದ ಬಾಗಿಲು ತೊಳೀತಿದಾಳೆ" ಎಂದರು. ಚೇಲಾ ಎಂದರೆ ಅವರ ಹೆಂಡತಿ. ಆ ಪದವನ್ನು ಅವರು ನನಗೆ ಎರಡು ಸಲ ಹಾಡಿ ತೋರಿಸಿದರು. ಶ್ರುತಿ ಸ್ವಲ್ಪ ಕಮ್ಮಿ, ದನಿ ಒಳ್ಳೆಯದು.

11 ಗಂಟೆ 10 ನಿಮಿಷಕ್ಕೆ ಚೇಲಾ ಕಟ್ಟಿಕೊಟ್ಟಿದ್ದ ತಮಾಲೆಯನ್ನು, ಅಂದರೆ ಜೋಳದ ಹಿಟ್ಟಿನ ಕಡುಬನ್ನು, ನನಗೆ ಕೊಟ್ಟರು. ಜೋಳದ ಸಿಪ್ಪೆ ಬಿಚ್ಚಿ ತಿಂದೆನು, ಹಿತವಾಗಿತ್ತು. ಎರಡನೆಯದು ಅವರ ಪಾಲಿನದು, ಕೆಂಪು ಮೆಣಸಿನದು. "ಅದು ಬೇಡ ಸೆನ್ಯೋರಾ, ಅದು ನಮ್ಮಂಥೋರಿಗೆ" ಎಂದರು. ನನಗೆ ಬೇಡ ಎಂದರೆ ಬೇಕೇ ಎನಿಸುತ್ತದೆ. ತಿಂದೆನು. ನಮ್ಮ ನಾರ್ತ್ ಡಕೋಟಾದಲ್ಲಿ ಕರಿಮೆಣಸನ್ನೇ ಖಾರ ಎನ್ನುತ್ತಾರೆ.

11 ಗಂಟೆ 18 ನಿಮಿಷಕ್ಕೆ, ಪಾಲೋ ಸೆಕೋದಿಂದ 56ನೇ ಮೈಲಿಯಲ್ಲಿ, ಹಿಂದಿನಿಂದ ಪೊಲೀಸ್ ಕಾರು ದೀಪ ಹಾಕಿತು. ಶ್ರೀ ಬ್ರಾಕಮೊಂಟೆ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಆದರೆ ಮೇಲೆ ಹೇಳಿದ ಕಾರಣದಿಂದ ಗಾಡಿ ನಿಲ್ಲಲು 0.6 ಮೈಲಿ ಬೇಕಾಯಿತು. ಇದನ್ನು ಪರಾರಿಯಾಗುವ ಪ್ರಯತ್ನ ಎಂದು ಬರೆದಿರುವುದು ತಪ್ಪು. ತುಂಬಿದ ಟ್ಯಾಂಕರು ಗಕ್ಕನೆ ನಿಂತಿದ್ದರೆ ಏನಾಗುತ್ತಿತ್ತೆಂದು ಆ ಇಬ್ಬರು ಡೆಪ್ಯುಟಿಯವರು ಒಮ್ಮೆ ಊಹಿಸಿಕೊಳ್ಳಬೇಕು. ಅವರು ಬಾಗಿಲು ತೆರೆದಾಗ ನನ್ನ ಕಣ್ಣು ಮೂಗಿನಲ್ಲಿ ನೀರು ಸುರಿಯುತ್ತಿತ್ತು. ಈತ ತಮ್ಮನ್ನು ಬಲವಂತವಾಗಿ ಕರೆತಂದನೇ ಎಂದು ಕೇಳಿದರು. ಬಾಯಿ ಉರಿಯುತ್ತಿದ್ದುದರಿಂದ ಮಾತು ಹೊರಡದೆ, ಎರಡೂ ಕೈಯನ್ನು ಬಾಯಿಯ ಮುಂದೆ ಬೀಸಿದೆನು. ನೀರು ಬೇಕೆಂದು ಅದರ ಅರ್ಥ. ಬಾಯಿಗೆ ಬಟ್ಟೆ ತುರುಕಿದ್ದರೆಂದು ಅವರು ಬರೆದುಕೊಂಡರು. ನಾನು ನೀರು ಕುಡಿದು ಮಾತನಾಡುವಷ್ಟರಲ್ಲಿ ಶ್ರೀ ಬ್ರಾಕಮೊಂಟೆಯವರ ಕೈಗೆ ಕೋಳ ಬಿದ್ದಿತ್ತು. ಅವರು ಜಗಳ ಮಾಡಲಿಲ್ಲ. "ಸೆನ್ಯೋರಾ ಕಾಲಿಗೆ ಏನಾದ್ರೂ ಕೊಡಿ, ಒಂದೇ ಚಪ್ಪಲೀಲಿದಾರೆ" ಎಂದಷ್ಟೇ ಹೇಳಿದರು.

ನಾನು ಅತ್ತದ್ದು ಖಾರದಿಂದಲೇ ಎಂದು ಬರೆದುಕೊಂಡರೆ ಸಾಕೇ ಎಂದು ಡೆಪ್ಯುಟಿಯವರು ಕೇಳಿದರು. ಸತ್ಯವನ್ನೇ ಹೇಳುತ್ತೇನೆಂದು ಒಪ್ಪಿರುವುದರಿಂದ, ಪೂರ್ತಿ ಖಾರದಿಂದಲ್ಲ ಎಂದೂ ಬರೆಯಬೇಕು. 56 ಮೈಲಿಯುದ್ದಕ್ಕೂ ಆ ಕನ್ನಡಿಯಲ್ಲಿನ ಮುಖ ನನ್ನ ಕಣ್ಣೆದುರಿಗಿತ್ತು. ಖಾರ ನೆಪವಾಯಿತು.

11 ಗಂಟೆ 55ಕ್ಕೆ ನಮ್ಮನ್ನು ಈ ಠಾಣೆಗೆ ತಂದರು. ಇಲ್ಲಿನವರು ನನಗೆ ಕಂಬಳಿ, ಕಾಫಿ, ಯಾರದೋ ಬೂಟು ಕೊಟ್ಟರು. ಹಬ್ಬದ ದಿನ ಮೂರೇ ಜನ ಡ್ಯೂಟಿಯಲ್ಲಿದ್ದು, ನಮ್ಮ ಮನೆಯ ರಾಮಾಯಣಕ್ಕೆ ಇಷ್ಟು ಓಡಾಡಿದ್ದಾರೆ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಕಾಣೆಯಾದ ಹೆಂಗಸನ್ನು ಹುಡುಕಲು ಪೊಲೀಸರು ಓಡುವುದು ಒಳ್ಳೆಯದೇ. ನಾನು ಕಾಣೆಯಾಗಿರಲಿಲ್ಲ ಎಂಬುದೊಂದೇ ತೊಡಕು. 1 ಗಂಟೆ 35ಕ್ಕೆ ಡೆಲ್ಬರ್ಟ್ ಗಾಡಿಯೊಂದಿಗೆ ಬಂದದ್ದನ್ನು ಕಿಟಕಿಯಿಂದ ನೋಡಿದೆನು. ನನ್ನ ಹೇಳಿಕೆ ಮುಗಿಯುವವರೆಗೆ ಗಂಡನನ್ನು ನೋಡುವಂತಿಲ್ಲವೆಂದು ಅವನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದಾರೆ. ನಾನೂ ನೋಡಬೇಕೆಂದು ಕೇಳಲಿಲ್ಲ.

ಈ ಹೇಳಿಕೆಯಲ್ಲಿ ಅವನು ಕನ್ನಡಿಯಲ್ಲಿ ನೋಡಿಯೂ ಬಿಟ್ಟು ಹೋದ ಎಂಬ ಮಾತನ್ನು ನಾನು ಹೇಳಿದಾಗ ಡೆಪ್ಯುಟಿ ಟ್ರಿಂಬಲ್ ರವರು ಪೆನ್ನು ಕೆಳಗಿಟ್ಟಿದ್ದರು. ಆಗ ಮುಂದುವರಿಸಿ ಎಂದಷ್ಟೇ ಹೇಳಿದರು. ಈಗ 3 ಗಂಟೆ 5 ನಿಮಿಷಕ್ಕೆ, ನಾನು ಇಷ್ಟು ಹೇಳಿ ಮುಗಿಸಿದ ಮೇಲೆ, ನಿಯಮದಲ್ಲಿ ಇದೆಯೋ ಇಲ್ಲವೋ ಕಾಣೆ, ಡೆಲ್ಬರ್ಟ್ ಕೊಟ್ಟ ಹೇಳಿಕೆಯ ಎರಡನೇ ಪುಟವನ್ನು ನನಗೆ ಓದಿ ಹೇಳಿದರು. ಅದರ ಸಾರಾಂಶ ಹೀಗಿದೆ.

ಅವನ ಎಡಗಣ್ಣಿನ ನಡುಭಾಗ ಸೆಪ್ಟೆಂಬರಿನಿಂದ ಮಸುಕಾಗಿದೆ. ಬಲಗಣ್ಣು ಚೆನ್ನಾಗಿದೆ. ಎಡಗಣ್ಣು ಮತ್ತೆ ಮೊದಲಿನಂತಾಗುವುದಿಲ್ಲವೆಂದು ಮೈನಾಟ್ ಊರಿನ ಕಣ್ಣಿನ ಡಾಕ್ಟರು ಹೇಳಿದ್ದಾರೆ. ಹೆಂಡತಿಗೆ ಹೇಳಿದರೆ ಚಳಿಗಾಲದ ಪ್ರಯಾಣವೇ ನಿಂತುಹೋದೀತೆಂದು ಹೇಳಿರಲಿಲ್ಲ. ನಿನ್ನೆ ಹಳದಿ ಕಂಬ ಅವನಿಗೆ ಕಾಣಲಿಲ್ಲ. ಎಡಗಡೆಯ ಕನ್ನಡಿಯನ್ನು ಅವನು ಅಭ್ಯಾಸಬಲದಿಂದ ನೋಡುತ್ತಾನೆಯೇ ಹೊರತು, ಆ ಕಡೆಗೆ ಬಲಗಣ್ಣಿಗೆ ಮೂಗು ಅಡ್ಡ ಬರುವುದರಿಂದ ಅದರ ನಡುವೆ ಬೂದಿ ಬಣ್ಣದ ಕಲೆಯೊಂದೇ ಅವನಿಗೆ ಕಾಣುವುದು. ಇಂದು ಬೆಳಿಗ್ಗೆ ಪಾಲೋ ಸೆಕೋದಲ್ಲಿ ಎರಡು ಸಲ ಬಡಿದು ಒಂದು ನಿಮಿಷ ಕಾದನು. ಬಡಿತ ಬರಲಿಲ್ಲ. ಇನ್ನೂ ಸಿಟ್ಟಿನಲ್ಲಿದ್ದಾಳೆಂದು ತಿಳಿದು ಹೊರಟನು. ನಾನು ಕೈ ಎತ್ತಿ ನಿಂತಿದ್ದದ್ದು ಆ ಬೂದಿ ಕಲೆಯೊಳಗೆ.

ಹೊರಟು ಹದಿಮೂರು ನಿಮಿಷಕ್ಕೆ, ಎದುರುಬದುರು ಹೇಳಲಾಗದ್ದನ್ನು ಹೀಗಾದರೂ ಹೇಳಿಬಿಡೋಣವೆಂದು, ಅವನು ಪರದೆಗೆ ಎಲ್ಲವನ್ನೂ ಹೇಳಿದನಂತೆ. ಆ ಭಾಗವನ್ನು ಅವನ ಮಾತಿನಲ್ಲೇ ಬರೆದುಕೊಂಡಿದ್ದರು: "ಆರ್ಡಿ, ನೀನು ಕೇಳಿದ್ಯಲ್ಲ ಕಣ್ಣೋ ಗೋಲಿಯೋ ಅಂತ, ಒಂದು ಗೋಲಿ ಕಣೇ. ಹೇಳೋಕೆ ಹೆದರಿಕೆ ಆಯ್ತು. ಮನೇಲಿ ಕೂತ್ಕೋ ಅಂತೀಯೇನೋ ಅಂತ. ಇನ್ಮೇಲೆ ನೀನೇ ಓಡಿಸ್ತೀಯಾ? ನಾನು ಪಟ್ಟಿ ಓದ್ತೀನಿ. ಒಪ್ಪಿಗೆ ಇದ್ರೆ ಎರಡು ಬಡಿ." ಬಡಿತ ಬರಲಿಲ್ಲ. ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಹೆಂಡತಿ ತನ್ನ ಮಾತು ತುಂಡರಿಸದೆ ಕೇಳಿದಳೆಂದು ಅವನಿಗೆ ಧೈರ್ಯ ಬಂತಂತೆ. 61ನೇ ಮೈಲಿಯಲ್ಲಿ ಗಾಡಿ ನಿಲ್ಲಿಸಿ, ಕಾಫಿ ಮಾಡಿ, ನನಗೆ ಬೇಕಾದಂತೆ ದಾಲ್ಚಿನ್ನಿ ಹಾಕಿ, ಲೋಟ ಹಿಡಿದುಕೊಂಡು 10 ಗಂಟೆ 10ಕ್ಕೆ ಪರದೆ ಸರಿಸಿದನು. ರಜಾಯಿಯ ಕೆಳಗೆ ದಿಂಬುಗಳಿದ್ದವು. ಕನ್ನಡಕ, ಮೊಬೈಲು, ಬೂಟು ಬಿಟ್ಟು ಹೆಂಡತಿ ತಾನಾಗಿ ಹೋಗುವವಳಲ್ಲ, ಬಂಕಿನಲ್ಲಿ ಒಂದು ಟ್ಯಾಂಕರು ನಿಂತಿತ್ತು, ಯಾರೋ ಹೊತ್ತುಕೊಂಡು ಹೋಗಿದ್ದಾರೆಂದು ಫೋನು ಮಾಡಿದನು. 31 ಅಡಿಯ ಗಾಡಿಯನ್ನು ಆ ಇಕ್ಕಟ್ಟಾದ ರಸ್ತೆಯಲ್ಲಿ ತಿರುಗಿಸಲಾಗದೆ, ಕೆಳಗಿಳಿದು ಪಾಲೋ ಸೆಕೋ ಕಡೆಗೆ ನಡೆಯುತ್ತಾ ಹೊರಟಿದ್ದನಂತೆ, ಕೈಯಲ್ಲಿ ಆ ಕಾಫಿ ಲೋಟದೊಂದಿಗೆ. ಪೊಲೀಸರು ಅವನನ್ನು ಒಂದೂವರೆ ಮೈಲಿ ದೂರದಲ್ಲಿ ಕಂಡು ವಾಪಸು ಕರೆತಂದರು. ಟ್ಯಾಂಕರನ್ನು ತಡೆಯದಿದ್ದರೆ ಇನ್ನು ಕೆಲವೇ ನಿಮಿಷಕ್ಕೆ ರಸ್ತೆಯಲ್ಲೇ ಅವನು ನನಗೆ ಎದುರಾಗುತ್ತಿದ್ದನು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನೆ ನಾನಾಡಿದ ಕಣ್ಣಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಆದರೂ ಅದಕ್ಕೆ ನಾನು ವಿಷಾದಿಸುತ್ತೇನೆಂದು ದಾಖಲಾಗಬೇಕು. ಅವನು ನನ್ನನ್ನು ನೋಡಿ ಬಿಟ್ಟು ಹೋದವನಲ್ಲ, ಕಾಣದೆ ಹೋದವನು. ಈ ಎರಡರ ನಡುವಿನ ವ್ಯತ್ಯಾಸ ಎಷ್ಟೆಂದು ನನಗೆ ಬೆಳಿಗ್ಗೆ 8 ಗಂಟೆ 52ರಿಂದ 3 ಗಂಟೆ 5ರವರೆಗೆ ಗೊತ್ತಾಗಿದೆ. ಗಾಡಿಯ ಕೀಲಿ ಈಗ ಡೆಪ್ಯುಟಿಯವರ ಮೇಜಿನ ಮೇಲಿದೆ. ಅದನ್ನು ನನಗೇ ಕೊಡಬೇಕೆಂದು ಕೋರುತ್ತೇನೆ. ನಾನೇ ಓಡಿಸುತ್ತೇನೆ. ಪ್ರಯಾಣ ನಿಲ್ಲುವುದಿಲ್ಲ.

ತಮ್ಮ ನಮೂನೆಯಲ್ಲಿ ನಷ್ಟದ ವಿವರ, ಗಾಯದ ವಿವರ, ಆರೋಪಿಯ ಚಹರೆ ಎಂಬ ಅಂಕಣಗಳಿವೆ. ಉಪಕಾರದ ಅಂಕಣವಿಲ್ಲ. ಆದ್ದರಿಂದ ಆರೋಪಿಯ ಚಹರೆ ಎಂಬಲ್ಲೇ ಇದನ್ನು ಬರೆಯಬೇಕು: ಎತ್ತರ ಐದೂವರೆ ಅಡಿ, ಗಿಡ್ಡ ಮೀಸೆ, ಚಳಿಯಲ್ಲಿ ಒಂದು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತು ಅಂಗಿಯಲ್ಲಿ ನಿಂತವರು, ಕೋಳ ಬಿದ್ದಾಗಲೂ ನನ್ನ ಕಾಲಿನ ಚಿಂತೆ ಮಾಡಿದವರು. ಅವರ ಟ್ಯಾಂಕು ಇನ್ನೂ ತುಂಬಿದೆ. ಅದನ್ನು ಖಾಲಿ ಮಾಡುವ ಘಟಕ ಇಲ್ಲಿಂದ 26 ಮೈಲಿ, ಇಂದು 4 ಗಂಟೆ 30ಕ್ಕೆ ಗೇಟು ಮುಚ್ಚುತ್ತದೆ. ಅಲ್ಲಿಂದ ಅವರ ಮನೆ 19 ಮೈಲಿ. 3 ಗಂಟೆ 45ಕ್ಕೆ ಬಿಟ್ಟರೆ ಮಾತ್ರ ಅವರು ಸ್ನಾನ ಮಾಡಿ 6 ಗಂಟೆಗೆ ಬಾಗಿಲ ಹಿಂದೆ ನಿಲ್ಲಬಹುದು. ತುಂಬಿದ ಟ್ಯಾಂಕರನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಒಳಗೆ ಬನ್ನಿ ಎಂದು ಹಾಡಿದರೆ ಯಾವ ದೇವರು ಬಂದಾರು?

ಈಗ ಸಮಯ 3 ಗಂಟೆ 22 ನಿಮಿಷ. ಇದನ್ನು ಬರೆಸುತ್ತಿರುವಾಗ ಪಕ್ಕದ ಕೋಣೆಯ ಕಡೆಯಿಂದ ಪ್ಲೈವುಡ್ ಗೋಡೆಯ ಮೇಲೆ ಎರಡು ಸಲ ಬಡಿದ ಸದ್ದು ಕೇಳಿಸಿತು. ಡೆಪ್ಯುಟಿಯವರೂ ಕೇಳಿದ್ದಾರೆ. ಬಡಿದವನು ನನ್ನ ಗಂಡ. ಹನ್ನೊಂದು ವರ್ಷದಿಂದ ಆ ಗೆಣ್ಣಿನ ಸದ್ದು ನನಗೆ ಗೊತ್ತು. ನನ್ನ ಕೈ ತಾನಾಗಿಯೇ ಗೋಡೆಗೆ ಹೋಯಿತು. ನಾನು ಒಂದೇ ಸಲ ಬಡಿದೆನು. ಅಂದರೆ ಇಲ್ಲೇ ಇದ್ದೇನೆ, ತಡೆ ಎಂದು. ಗೋಡೆಯಾಚೆ ಅವನು ಅತ್ತ ಸದ್ದು ಕೇಳಿಸಿತು. ಇದನ್ನು ಬರೆಯಬೇಕೇ ಎಂದು ಡೆಪ್ಯುಟಿಯವರು ಕೇಳಿದರು. ಬರೆಯಿರಿ ಎಂದೆನು.

ಶ್ರೀ ಬ್ರಾಕಮೊಂಟೆಯವರ ಕೋಳ ಬಿಚ್ಚಿ, ಟ್ಯಾಂಕರಿನ ಕೀಲಿ ಅವರ ಕೈಗೆ ಕೊಟ್ಟು, ಈ ಜರ್ಕಿನ್ ಅನ್ನು ನನ್ನ ಕೈಯಾರೆ ಅವರಿಗೆ ವಾಪಸು ಮಾಡಿದ ಮೇಲೆಯೇ ನಾನು ಎರಡು ಸಲ ಬಡಿಯುವುದು. ಅಲ್ಲಿಯವರೆಗೆ ಹಾಲ್ವರ್ಸನ್ ಮನೆಗಾಡಿ ಈ ಠಾಣೆಯ ಅಂಗಳದಿಂದ ಒಂದು ಅಡಿಯೂ ಕದಲುವುದಿಲ್ಲ. ಅದರ ಕಕ್ಕಸು ತೊಟ್ಟಿ ತುಂಬಿದೆ ಎಂಬುದನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.

ಮೇಲೆ ಬರೆದಿರುವುದನ್ನು ಡೆಪ್ಯುಟಿಯವರು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು, ತಪ್ಪಾಗಿ ತಿಳಿದದ್ದು, ಆಮೇಲೆ ಸರಿಯಾಗಿ ತಿಳಿದದ್ದು ಎಲ್ಲವೂ ಇದರಲ್ಲಿ ನಿಜವಾಗಿದೆ. ಯಾರ ಒತ್ತಾಯವೂ ಇಲ್ಲದೆ, ಡೆಪ್ಯುಟಿಯವರ ಕನ್ನಡಕ ಎರವಲು ಪಡೆದು ರುಜು ಹಾಕಿದ್ದೇನೆ.

ಸ್ಥಳ: ಡ್ರೈ ವೆಲ್ಸ್ ಉಪಠಾಣೆ
ದಿನಾಂಕ: 24-12-2025, ಸಮಯ 3 ಗಂಟೆ 31 ನಿಮಿಷ
(ರುಜು) ಆರ್ಡಿಸ್ ಹಾಲ್ವರ್ಸನ್

ಷರಾ: 3 ಗಂಟೆ 38ಕ್ಕೆ ಶ್ರೀ ಬ್ರಾಕಮೊಂಟೆಯವರನ್ನು ಬಿಡುಗಡೆ ಮಾಡಲಾಯಿತು. ಜರ್ಕಿನ್ ಹಿಂದಿರುಗಿಸಲಾಯಿತು. 3 ಗಂಟೆ 40ಕ್ಕೆ ಹೇಳಿಕೆದಾರರು ಗೋಡೆಯನ್ನು ಎರಡು ಸಲ ಬಡಿದರು.
(ರುಜು) ಕಾರ್ಲೀನ್ ಟ್ರಿಂಬಲ್, ಡೆಪ್ಯುಟಿ